ಖುಷಿಗೆ ಒಂದಿಂಚು

ತುಮಕೂರು
22 ಜನವರಿ 1984, ಭಾನುವಾರ

ಶಮೀಮಳ ಅಬ್ಬಾ ಅವರಿಗೆ, ನೀವು ಇಲ್ಲೇ ಬಿಟ್ಟು ಹೋದ ನಿಮ್ಮ ಮೆಹರ್ ಬಾನು ಮಾಡುವ ಸಲಾಂ.

ಹೇಗಿದ್ದೀರಿ? ಬೆನ್ನುನೋವು ಹೇಗಿದೆ? ಹೊಲಿಗೆ ಮಿಷನ್ನಿನ ಮುಂದೆ ಕೂತರೆ ನಿಮಗೆ ಏಳುವುದು ಗೊತ್ತಿಲ್ಲ. ಇಲ್ಲಿದ್ದಾಗ ಟೀ ಲೋಟವನ್ನು ಗಿರಾಕಿಯ ಬಟ್ಟೆಯ ಮೇಲೇ ಇಟ್ಟುಬಿಡುತ್ತೇನೆ ಎಂದು ಹೆದರಿಸಿ ಎಬ್ಬಿಸುತ್ತಿದ್ದೆ. ಸೌದಿಯ ಆ ದಮ್ಮಾಮಿನಲ್ಲಿ ಹಾಗೆ ಹೆದರಿಸುವವರು ಯಾರಿದ್ದಾರೆ? ಇದ್ದರೂ ಇರಬಹುದು, ಆ ಮಾತಿಗೆ ಆಮೇಲೆ ಬರುತ್ತೇನೆ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಈ ಸಲ ಚಳಿ ಜಾಸ್ತಿ, ಅಮ್ಮಿಗೆ ಮಂಡಿನೋವು ಹೆಚ್ಚಿದೆ. ನೀವು ಕಳಿಸಿದ ಎಣ್ಣೆಯನ್ನು ದಿನಾ ಬಿಸಿ ಮಾಡಿ ತಿಕ್ಕುತ್ತೇನೆ. ಎಣ್ಣೆ ಬಲೇ ಚೆನ್ನಾಗಿದೆ ಎಂದು ಬಂದವರಿಗೆಲ್ಲ ಹೇಳುತ್ತಾರೆ, ತಿಕ್ಕಿದ ಕೈಯ ಸುದ್ದಿ ಎತ್ತುವುದಿಲ್ಲ. ಎಣ್ಣೆ ಮಗನದು, ಕೈ ಸೊಸೆಯದು, ಇರಲಿ. ಶಮೀಮಳಿಗೆ ಮುಂದಿನ ಎರಡು ಹಲ್ಲೂ ಬಿದ್ದಿವೆ. ಸ್ಕೂಲಿನಲ್ಲಿ ಪದ್ಯ ಹೇಳು ಎಂದರೆ ಗಾಳಿಯೇ ಹೆಚ್ಚು ಬರುತ್ತದೆ, ಪದ ಕಡಿಮೆ. ನೀವು ಬರುವಷ್ಟರಲ್ಲಿ ಹೊಸ ಹಲ್ಲು ಬಂದಿರುತ್ತದೆ, ಈ ಬೊಚ್ಚುಬಾಯಿ ನೋಡುವ ಯೋಗ ನಿಮಗಿಲ್ಲ. ಶೆಟ್ಟಿಹಳ್ಳಿಯ ಮನೆ ಲಿಂಟಲ್‌ವರೆಗೆ ಬಂದು ನಿಂತಿದೆ. ಮೇಸ್ತ್ರಿ ಕೆಂಪಯ್ಯ ಸಂಕ್ರಾಂತಿಗೆ ಅಂತ ಊರಿಗೆ ಹೋದವನು ಇನ್ನೂ ಬಂದಿಲ್ಲ.

ಈ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಅಮ್ಮಿಗೆ ಸ್ವಲ್ಪ ಬೇಜಾರು. ಅವರಿಗೆ ಕನ್ನಡ ಸಂತೆಯಲ್ಲಿ ಜಗಳ ಆಡುವಷ್ಟು ಬರುತ್ತದೆ, ಓದಲು ಬರುವುದಿಲ್ಲ. ಏನು ಬರೀತಿದೀಯಾ ಎಂದು ಕೇಳಿದರು, ಇಟ್ಟಿಗೆ ಲೆಕ್ಕ ಎಂದೆ. ನಮ್ಮ ಮನೆಯಲ್ಲಿ ನಿಮಗೂ ನನಗೂ ನಡುವೆ ಬೇರೆ ಯಾರೂ ಬರದ ಜಾಗ ಎಂದರೆ ಇದೊಂದೇ, ಗುಬ್ಬಿಯ ಸ್ಕೂಲಿನಲ್ಲಿ ನಾನು ಕಲಿತ ಈ ಅಕ್ಷರ, ತುಮಕೂರಿನ ಸ್ಕೂಲಿನಲ್ಲಿ ನೀವು ಕಲಿತದ್ದು. ಮೊದಲೆಲ್ಲ ನೀವೂ ಇದರಲ್ಲೇ ಬರೆಯುತ್ತಿದ್ದಿರಿ. ಟೇಪ್ ರೆಕಾರ್ಡರ್ ಕೊಂಡ ಮೇಲೆ ಬರವಣಿಗೆ ನಿಂತಿತು. ಕ್ಯಾಸೆಟ್ಟಿನಲ್ಲಿ ದನಿ ಕೇಳಿದರೆ ಎದುರಿಗೇ ಕೂತ ಹಾಗಿರುತ್ತದೆ ಎಂದಿರಿ. ನಿಜ, ಎದುರಿಗೆ ಕೂತ ಹಾಗೆಯೇ ಇರುತ್ತದೆ, ಆದರೆ ಯಾರ ಎದುರಿಗೆ? ಕ್ಯಾಸೆಟ್ ಬಂತು ಎಂದರೆ ಅಮ್ಮಿ ನಡುಮನೆಯಲ್ಲಿ ಚಾಪೆ ಹಾಸಿಸುತ್ತಾರೆ, ಎದುರುಮನೆಯ ಫಾತಿಮುನ್ನೀಸಾ ಚಾಚಿ ಬರುತ್ತಾರೆ, ನಿಮ್ಮ ತಂಗಿ ಬರುತ್ತಾಳೆ, ಅವಳ ಅತ್ತೆ ಬರುತ್ತಾರೆ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಬೇಕು. ಅಷ್ಟು ಜನರ ನಡುವೆ ನೀವಾದರೂ ಏನು ಹೇಳುತ್ತೀರಿ? ಎಲ್ಲರಿಗೂ ಒಂದೊಂದು ಮಾತು ಹೇಳಿ ಮುಗಿದ ಮೇಲೆ, ಕೊನೆಯಲ್ಲಿ, ಕೆಮ್ಮಿ, "ಮೆಹರ್, ಹುಷಾರು" ಎನ್ನುತ್ತೀರಿ. ನನ್ನ ಪಾಲಿಗೆ ಬರುವುದು ಅಷ್ಟೇ. ರೈಲಿನಲ್ಲಿ ಎದುರು ಸೀಟಿನವರಿಗೂ ಇಳಿಯುವಾಗ ಹುಷಾರು ಎನ್ನುತ್ತಾರೆ.

ಈ ಸಲದ ಕ್ಯಾಸೆಟ್ಟನ್ನು ನಿಮ್ಮ ಜೊತೆಗಾರ, ಅಲ್ಲಿ ಲಾರಿ ಓಡಿಸುವ ಕುಣಿಗಲ್ಲಿನ ಖುರ್ಷಿದ್ ಪಾಷಾ ಭಾಯ್, ರಜದ ಮೇಲೆ ಬಂದ ವಾರದಲ್ಲೇ ಬಸ್ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಿದರು. ಮೊದಲನೇ ಬದಿಯಲ್ಲಿ ನೀವು ಕೇಳಿದ್ದನ್ನು ಎಲ್ಲರೂ ಕೇಳಿದೆವು. ಏಪ್ರಿಲ್‌ಗೆ ಅಗ್ರಿಮೆಂಟ್ ಮುಗಿಯುತ್ತದೆ, ಆದರೆ ನಿಮಗೆ ಅರಬ್ಬಿ ಚೆನ್ನಾಗಿ ಬಂದಿರುವುದರಿಂದ ಸಾಹುಕಾರ ನಿಮ್ಮನ್ನು ಮಿಷನ್ನಿನಿಂದ ಎಬ್ಬಿಸಿ ಹೆಂಗಸರು ಹೊರಗೇ ನಿಂತು ಬಟ್ಟೆ ಕೊಟ್ಟು ತಗೊಳ್ಳುವ ಕಿಟಕಿಯ ಹತ್ತಿರ ಕೂರಿಸಿದ್ದಾನೆ, ಇನ್ನೆರಡು ವರ್ಷಕ್ಕೆ ಸೈನ್ ಹಾಕು ಎನ್ನುತ್ತಿದ್ದಾನೆ, ಮನೆಯವರೆಲ್ಲ ಏನಂತೀರಿ ಎಂದು. ಮನೆಯವರೆಲ್ಲ ಎಂದಿರಿ, ಮನೆಯವಳು ಎನ್ನಲಿಲ್ಲ. ಟೇಪು ನಿಲ್ಲುವ ಮುಂಚೆಯೇ ಅಮ್ಮಿ, "ಹಾಕ್ಲಿ ಬಿಡು, ಮನೆಗೆ ತಾರಸಿ ಬೀಳೋದು ಬೇಡ್ವಾ" ಎಂದರು. ನಿಮ್ಮ ತಂಗಿ ಹೌದೌದು ಎಂದಳು. ಎಲ್ಲರೂ ಬಾಗಿಲ ಕಡೆ ತಿರುಗಿ ನೋಡಿದರು. ನಾನೂ ಹೂಂ ಎಂದೆ. ಆ ಚಾಪೆಯ ಮುಂದೆ ಇನ್ನೇನು ಹೇಳಲಿ?

ಆದರೆ ಎರಡನೇ ಬದಿಯಲ್ಲಿ ನೀವು ಒಂದು ಕೆಲಸ ಮಾಡಿದ್ದೀರಿ, ನಿಮಗೇ ಗೊತ್ತಿಲ್ಲದ ಹಾಗೆ. ಎಲ್ಲರಿಗೂ ಸಲಾಂ ಹೇಳಿ ಮುಗಿಸಿದ ಮೇಲೆ ಟೇಪು ಆಫ್ ಮಾಡಲು ಮರೆತಿದ್ದೀರಿ. ಸ್ವಲ್ಪ ಹೊತ್ತು ಮಿಷನ್ ಸದ್ದು. ಆಮೇಲೆ ಕಿಟಕಿ ತಟ್ಟಿದ ಸದ್ದು. ಆಮೇಲೆ ಒಬ್ಬ ಹೆಂಗಸಿನ ದನಿ. ದನಿಗೆ ವಯಸ್ಸಾಗಿಲ್ಲ, ಅಷ್ಟು ನನಗೆ ಗೊತ್ತಾಗುತ್ತದೆ. ಅವಳು ಏನೋ ಕೋಪದಲ್ಲಿ ಶುರು ಮಾಡಿದಳು, ನೀವು ಏನೋ ಹೇಳಿದಿರಿ, ಅವಳು ಮತ್ತೇನೋ ಅಂದಳು, ನೀವು ತಡೆದು ತಡೆದು, ತುಂಬಾ ಸಾವಕಾಶವಾಗಿ ಒಂದು ಮಾತು ಹೇಳಿ ನಕ್ಕಿರಿ. ಅವಳೂ ನಕ್ಕಳು. ನಿಮ್ಮ ನಗು ಹೇಗಿತ್ತು ಎಂದು ನಿಮಗೆ ಬರೆಯುವ ಅಗತ್ಯವಿಲ್ಲ, ನಿಮ್ಮದೇ ನಗು. ಗಂಟಲಲ್ಲಿ ಶುರುವಾಗಿ ಮೂಗಿನಲ್ಲಿ ಮುಗಿಯುವ ಆ ನಗುವನ್ನು ನಾನು ಈ ಎರಡು ವರ್ಷದಲ್ಲಿ ಒಂದು ಕ್ಯಾಸೆಟ್ಟಿನಲ್ಲೂ ಕೇಳಿಲ್ಲ. ನನಗೆ ಹುಷಾರು, ಅವಳಿಗೆ ನಗು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಸುಮ್ಮನೆ ಹೇಳಿದ್ದಾರೆಯೇ? ನನಗೆ ಹೊಟ್ಟೆ ಉರಿಯಿತು. ಬೇರೆ ಒಳ್ಳೆಯ ಮಾತು ಹುಡುಕಿ ಬರೆಯಲು ನನಗೆ ಮನಸ್ಸಿಲ್ಲ, ಹೊಟ್ಟೆಯೇ ಉರಿಯಿತು.

ಇನ್ನು ಅಮ್ಮಿಯ ಕಥೆ ಕೇಳಿ. ಅರಬ್ಬಿ ಕಿವಿಗೆ ಬಿದ್ದ ಕೂಡಲೇ ಅವರು ಸೆರಗನ್ನು ತಲೆ ತುಂಬ ಹೊದ್ದು, ಕಣ್ಣು ಮುಚ್ಚಿ, ಎರಡೂ ಕೈ ಎತ್ತಿದರು. ಅವರು ಹುಟ್ಟಿದಾಗಿನಿಂದ ಆ ಭಾಷೆಯನ್ನು ಕೇಳಿರುವುದು ನಮಾಜಿನಲ್ಲಿ, ಕುರಾನಿನಲ್ಲಿ, ದುವಾದಲ್ಲಿ. ಆ ಭಾಷೆಯಲ್ಲಿ ಬೇರೆ ಏನಾದರೂ ಮಾತಾಡಲು ಸಾಧ್ಯ ಎಂದು ಅವರಿಗೆ ಹೊಳೆಯಲೇ ಇಲ್ಲ. ಮಗ ಕೊನೆಯಲ್ಲಿ ಮನೆಗಾಗಿ ದುವಾ ಮಾಡಿದ್ದಾನೆ ಎಂದುಕೊಂಡರು. ನೀವು ಮಾತು ನಿಲ್ಲಿಸಿದಾಗಲೆಲ್ಲ "ಆಮೀನ್" ಎಂದರು. ನೀವು ನಕ್ಕಾಗ, ಪಾಪ, ಅಳುತ್ತಿದ್ದೀರಿ ಎಂದುಕೊಂಡು ತಾವೂ ಕಣ್ಣು ಒರೆಸಿಕೊಂಡರು. ಆ ಹೆಂಗಸು ಯಾರು ಎಂದು ಫಾತಿಮುನ್ನೀಸಾ ಚಾಚಿ ಕೇಳಿದ್ದಕ್ಕೆ, ಯಾರೋ ಪುಣ್ಯಾತ್ಮಳು, ಜೊತೆಗೆ ಕೂತು ಓದುತ್ತಿದ್ದಾಳೆ ಎಂದರು. ಅವತ್ತಿನಿಂದ ಯಾರು ಮನೆಗೆ ಬಂದರೂ ಎರಡನೇ ಬದಿ ಹಾಕಿಸುತ್ತಾರೆ. ನನ್ನ ಗಂಡ ಇನ್ನೊಬ್ಬಳ ಜೊತೆ ನಗುವುದನ್ನು ಕೇರಿಯೆಲ್ಲ ತಲೆಗೆ ಬಟ್ಟೆ ಹಾಕಿಕೊಂಡು ಕೇಳಿ ಆಮೀನ್ ಎನ್ನುತ್ತಿದೆ, ಗುಂಡಿ ಒತ್ತಬೇಕಾದವಳು ನಾನು. ಶಮೀಮ್ ಅಂತೂ ಅದನ್ನು ಪೂರ್ತಿ ಬಾಯಿಪಾಠ ಮಾಡಿದ್ದಾಳೆ. ಬಂದವರ ಮುಂದೆ ಕೈ ಕಟ್ಟಿ ನಿಂತು ಹೇಳುತ್ತಾಳೆ, ಬಿದ್ದ ಹಲ್ಲಿನ ಸಂದಿಯಲ್ಲಿ ಆ ಹೆಂಗಸಿನ ನಗುವನ್ನೂ ಸೇರಿಸಿ.

ಪಕ್ಕದ ಮನೆ ಚೆನ್ನಮ್ಮಕ್ಕ ಒಂದು ದಿನ ಅವರೆಕಾಳು ಹಿದುಕುತ್ತಾ ನಮ್ಮ ಜಗಲಿಯಲ್ಲಿ ಕೂತಿದ್ದಾಗ ಅದನ್ನು ಕೇಳಿದರು. ಅಮ್ಮಿ ಎದ್ದು ಒಳಗೆ ಹೋದ ಮೇಲೆ ಮೆಲ್ಲಗೆ, "ಇದು ದೇವ್ರ ಮಾತಲ್ಲ ಕಣೇ ಮೆಹರು, ವ್ಯಾಪಾರದ್ ಮಾತು. ಆವಮ್ಮ ಏನೋ ದೂರ್ತಾವ್ಳೆ, ನಿಮ್ಮನೆಯವ್ರು ಸಮಾಧಾನ ಮಾಡ್ತಾವ್ರೆ. ಸುಮ್ನೆ ತಲೆ ಕೆಡಿಸ್ಕೊಬೇಡ ಬುಡು" ಎಂದರು. ಸಮಾಧಾನ ಮಾಡುವುದಕ್ಕೆ ಅಷ್ಟು ನಗಬೇಕೇ ಎಂದು ಕೇಳಿದೆ. ಅವರು ಉತ್ತರ ಹೇಳುವಷ್ಟರಲ್ಲಿ ಅವರ ಯಜಮಾನರು ವೆಂಕಟರಂಗಯ್ಯನವರು ಕೋರ್ಟಿನ ಕೆಲಸ ಮುಗಿಸಿ ಸೈಕಲ್ ತಳ್ಳಿಕೊಂಡು ಬಂದರು. ಬದನೆಕಾಯಿ ಬಲಿತದ್ದು ತಂದಿದ್ದಾರೆ ಎಂದು ಚೆನ್ನಮ್ಮಕ್ಕ ಅಲ್ಲೇ ಜಗಳ ಶುರು ಮಾಡಿದರು. ಆ ಮನುಷ್ಯ ಸೈಕಲ್ ಸ್ಟ್ಯಾಂಡ್ ಹಾಕುತ್ತಾ, ಆರಿಸಿಕೊಳ್ಳಲು ನೀನೇ ಬರಬೇಕಿತ್ತು ಎಂದು ಗೊಣಗಿದರು. ನನಗೆ ಆ ಜಗಳದ ಮೇಲೂ ಹೊಟ್ಟೆಕಿಚ್ಚಾಯಿತು. ಬಲಿತ ಬದನೆಕಾಯಿ ತಂದು ಬೈಸಿಕೊಳ್ಳುವುದಕ್ಕಾದರೂ ಗಂಡ ಮನೆಯಲ್ಲಿರಬೇಕು.

ಅರಬ್ಬಿ ಕಲಿಯಿರಿ ಎಂದು ಹೋಗುವ ಮುಂಚೆ ನಿಮಗೆ ಹೇಳಿದವಳು ನಾನೇ ಎಂದು ನೀವು ಎತ್ತಿ ತೋರಿಸಬಹುದು. ಹೌದು, ಹೇಳಿದ್ದೆ. ಬೆಳ್ಳಾವಿಯ ಒಬ್ಬರು ಅಲ್ಲಿಗೆ ಹೋಗಿ ಆಸ್ಪತ್ರೆಯಲ್ಲಿ ಎಲ್ಲಿ ನೋವು ಎಂದು ಹೇಳಲಾಗದೆ ಒದ್ದಾಡಿದ ಕಥೆ ಕೇಳಿ ಹೆದರಿ ಹೇಳಿದ್ದೆ. ಆದರೆ ಈ ವಿಷಯದಲ್ಲಿ ಜಾಸ್ತಿ ಭಾಷಣ ಮಾಡುತ್ತಿದ್ದವರು ನೀವು. ಬಸ್‌ಸ್ಟ್ಯಾಂಡಿನ ಎದುರು ಬೇಕರಿ ಇಟ್ಟ ಕೇರಳದವನು ಕನ್ನಡ ಕಲಿಯದೆ ಬೆರಳು ತೋರಿಸಿಯೇ ಬನ್ನು ಮಾರುತ್ತಾನೆ ಎಂದು ನಿಮಗೆ ಎಷ್ಟು ಸಿಟ್ಟು. "ಮಾತು ಕಲೀದೆ ಇರೋನು ನೆಂಟ, ಕಲಿತೋನು ಮನೆಯೋನು. ಅನ್ನ ತಿನ್ನೋ ಊರಲ್ಲಿ ಎಷ್ಟು ದಿನ ನೆಂಟ ಆಗಿರ್ತೀಯಾ" ಎಂದು ಅವನ ಮುಖಕ್ಕೇ ಹೇಳಿ, ಬನ್ನು ತಗೊಂಡು ಬಂದಿದ್ದಿರಿ. ಆಗ ನಿಮ್ಮ ಮಾತು ಸರಿ ಎನಿಸಿತ್ತು. ಈಗ ಆ ಮಾತನ್ನೇ ನಾನು ನಿಮ್ಮನ್ನು ಕೇಳುತ್ತೇನೆ, ನೀವು ಈಗ ಯಾರ ಮನೆಯವರು? ಆ ಬೇಕರಿಯವನು ಇವತ್ತಿಗೂ ಬೆರಳಲ್ಲೇ ವ್ಯಾಪಾರ ಮಾಡುತ್ತಾನೆ. ಆದರೆ ಓಣಂ ಬಂತೆಂದರೆ ಷಟರ್ ಎಳೆದು ಊರಿಗೆ ಹೋಗುತ್ತಾನೆ. ಯಾರು ಅವನ ಹೆಂಡತಿಯೋ, ಪುಣ್ಯ ಮಾಡಿದ್ದಾಳೆ. ನಾನು ಯೋಚನೆ ಮಾಡಿ ಮಾಡಿ ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಹೋದ ದೇಶದ ಮಾತು ಕಲಿಯಲೇಬೇಕು. ಕೂಲಿ ಕೇಳುವುದಕ್ಕೆ, ದಾರಿ ಕೇಳುವುದಕ್ಕೆ, ಎಲ್ಲಿ ನೋವು ಎಂದು ಹೇಳುವುದಕ್ಕೆ ಎಷ್ಟು ಬೇಕೋ ಅಷ್ಟು ಕಲಿಯಲಿ. ನಗಿಸುವಷ್ಟು ಕಲಿತವನು ಊರಿಗೆ ವಾಪಸ್ ಬರುವುದು ಕಷ್ಟ. ಇದನ್ನು ಓದಿ ನೀವು ನಗುತ್ತೀರಿ, ನನಗೆ ಗೊತ್ತು. ಯಾವ ಭಾಷೆಯಲ್ಲಿ ನಗುತ್ತೀರೋ ಅದು ಗೊತ್ತಿಲ್ಲ.

ಆ ನಗುವಿನ ವಿಷಯದಲ್ಲಿ ನನಗೆ ಇಷ್ಟು ಉರಿ ಯಾಕೆ ಎಂದರೆ ಅದನ್ನು ನಾನು ಮೊದಲು ಕೇಳಿದ್ದು ಗುಬ್ಬಿಯಲ್ಲಿ, ನಮ್ಮ ಮನೆಯ ಪರದೆಯ ಹಿಂದೆ ನಿಂತು. ಮದುವೆಯ ರವಿಕೆಯನ್ನು ನಾನೇ ಹೊಲಿಯುತ್ತೇನೆ ಎಂದು ನೀವು ಹಟ ಮಾಡಿ, ನನ್ನ ಹಳೆಯ ರವಿಕೆಯೊಂದನ್ನು ಅಳತೆಗೆ ತರಿಸಿಕೊಂಡು ಹೊಲಿದು, ಅಮ್ಮಿಯ ಜೊತೆ ನೀವೂ ಬಂದಿದ್ದಿರಿ. ಮದುಮಗ ಹಾಗೆ ಬರಬಾರದು, ಟೈಲರ್ ಬರಬಹುದು ಎಂದು ನಮ್ಮ ಅಬ್ಬಾ ನಕ್ಕು ಸುಮ್ಮನಾದರು. ನಾನು ಒಳಗೆ ಹಾಕಿ ನೋಡಿದೆ, ತೋಳು ಬಿಗಿ. ಯಾರ ಮೂಲಕವಾದರೂ ಹೇಳಿಸಬಹುದಿತ್ತು, ನನ್ನ ಬಾಯಿ ಕೇಳಬೇಕಲ್ಲ, ಪರದೆಯ ಹಿಂದಿನಿಂದಲೇ ತೋಳು ಬಿಗಿ ಎಂದುಬಿಟ್ಟೆ. ನೀವು ಸ್ವಲ್ಪವೂ ತಡೆಯದೆ, "ಬಟ್ಟೆ ಮೋಸ ಮಾಡಲ್ಲ. ಅಳತೆ ಕೊಟ್ಟ ಹುಡುಗಿ ಬೇರೆ, ಮದುವೆ ಗೊತ್ತಾದ ಹುಡುಗಿ ಬೇರೆ. ಖುಷಿಗೆ ಅಂತ ಒಂದಿಂಚು ಬಿಡ್ಬೇಕಿತ್ತು, ನನ್ದೇ ತಪ್ಪು" ಎಂದು ನಕ್ಕಿರಿ. ಹೊರಗೆ ಎಲ್ಲರೂ ನಕ್ಕರು. ನಾನು ಆ ಬಿಗಿ ತೋಳಿನಲ್ಲೇ ಕೂತು, ಮುಖ ಕಾಣದ ಆ ಮನುಷ್ಯನನ್ನು ಅವತ್ತೇ ಒಪ್ಪಿಕೊಂಡೆ. ಇದನ್ನು ನಿಮಗೆ ಇದುವರೆಗೆ ಹೇಳಿರಲಿಲ್ಲ. ಆ ಒಂದಿಂಚನ್ನು ನಾನು ಇಷ್ಟು ವರ್ಷ ಯಾರಿಗೂ ತೋರಿಸದೆ ಇಟ್ಟುಕೊಂಡಿದ್ದೆ.

ನಿನ್ನೆ ಪಾಷಾ ಭಾಯ್ ಕುಣಿಗಲ್ಲಿನಿಂದ ಬಂದಿದ್ದರು, ವಾಪಸ್ ಹೋಗುವಾಗ ನಮ್ಮ ಕಡೆಯಿಂದ ಏನು ಒಯ್ಯಬೇಕು ಎಂದು ಕೇಳಲು. ಅಮ್ಮಿ ಅವರನ್ನು ಕೂರಿಸಿ, ನನ್ನ ಮಗನ ದುವಾ ಕೇಳಿ ಎಂದು ಎರಡನೇ ಬದಿ ಹಾಕಿಸಿದರು. ನಾನು ಗುಂಡಿ ಒತ್ತಿ ಬಾಗಿಲ ಹಿಂದೆ ನಿಂತು ಅವರ ಮುಖವನ್ನೇ ನೋಡಿದೆ. ಈ ಮನೆಯಲ್ಲಿ ಅದನ್ನು ಅರ್ಥ ಮಾಡಿಕೊಂಡು ಕೇಳಿದ ಮೊದಲ ಮನುಷ್ಯ ಅವರು. ಮೊದಲು ಹುಬ್ಬು ಮೇಲೆ ಹೋಯಿತು. ಆಮೇಲೆ ಮೀಸೆ ಅಲುಗಿತು. ಅಮ್ಮಿ ಆಮೀನ್ ಎಂದಾಗ ಆ ದೊಡ್ಡ ಮನುಷ್ಯ ಟೋಪಿ ಸರಿ ಮಾಡಿಕೊಳ್ಳುವ ನೆಪದಲ್ಲಿ ಮುಖ ಮುಚ್ಚಿಕೊಂಡರು. ಹೇಗಿದೆ ಎಂದು ಅಮ್ಮಿ ಕೇಳಿದ್ದಕ್ಕೆ, "ಒಳ್ಳೇ ಮಾತೇ ಆಡವ್ನೆ ಅಮ್ಮಾ" ಎಂದರು. ಅಮ್ಮಿ ಟೀ ಮಾಡಿಸುತ್ತೇನೆ ಎಂದು ಒಳಗೆ ಎದ್ದಾಗ ನಾನು ಬಾಗಿಲ ಸಂದಿಯಿಂದ, ಭಾಯ್, ಅವಳು ಯಾರು, ಏನು ಹೇಳಿದಳು, ನನಗೆ ಸುಳ್ಳು ಬೇಡ ಎಂದೆ.

ಅವರು ನೆಲ ನೋಡುತ್ತಾ ಹೇಳಿದರು. "ಗಾಬರಿ ಪಡೋ ಅಂತದ್ದೇನಿಲ್ಲ ತಂಗಿ. ಯಾವಳೋ ಮದುವೆ ಹುಡುಗಿ, ಉಡುಪು ಹಾಕ್ಕೊಂಡ್ ನೋಡವ್ಳೆ, ತೋಳು ಬಿಗಿ ಆಗದೆ, ಬೈತಾವ್ಳೆ. ನಿನ್ ಗಂಡ ಮನ್ಸೂರ ಅಂತಾನೆ, ಖುಷಿಗೆ ಅಂತ ಒಂದಿಂಚು ಬಿಡೋದು ಮರೆತೆ, ನನ್ದೇ ತಪ್ಪು ಅಂತ. ಅದ್ಕೆ ಅವ್ಳು ನಕ್ಳು. ಅಷ್ಟೇ ಕಣಮ್ಮ." ಅವರು ನನಗೆ ಸಮಾಧಾನ ಹೇಳಿದೆ ಎಂದುಕೊಂಡು ಟೀ ಕುಡಿದು ಎದ್ದು ಹೋದರು.

ಅಷ್ಟೇ ಅಂತೆ. ಅವಳನ್ನು ನೀವು ಇಟ್ಟುಕೊಂಡಿದ್ದೀರಿ ಎಂದು ಹೇಳಿದ್ದರೂ ನನಗೆ ಇಷ್ಟು ನೋವಾಗುತ್ತಿತ್ತೋ ಇಲ್ಲವೋ. ಜಗಳ ಆಡಲು ಒಬ್ಬ ಸವತಿಯಾದರೂ ಸಿಗುತ್ತಿದ್ದಳು. ಈಗ ಯಾರ ಜೊತೆ ಜಗಳ ಆಡಲಿ? ನನಗೊಬ್ಬಳಿಗೇ ಹೇಳಿದ್ದು ಎಂದುಕೊಂಡಿದ್ದ ಮಾತು ನಿಮ್ಮ ಅಂಗಡಿಯ ಮಾತು ಎಂದು ಗೊತ್ತಾಯಿತು. ತುಮಕೂರಿನಲ್ಲೂ ಎಷ್ಟು ಮದುವೆ ಹುಡುಗಿಯರಿಗೆ ಹೇಳಿದ್ದಿರೋ. ಅದನ್ನು ಅಲ್ಲಿಗೂ ಒಯ್ದು, ನಿಮ್ಮದಲ್ಲದ ಭಾಷೆಯಲ್ಲಿ ಪದಕ್ಕೆ ಪದ ಹುಡುಕಿ ಹೊಂದಿಸಿ, ತಡೆದು ತಡೆದು ಹೇಳಿದ್ದೀರಿ. ಎಷ್ಟು ಕಷ್ಟಪಟ್ಟಿದ್ದೀರಿ ಎಂಬುದು ದನಿಯಲ್ಲೇ ಗೊತ್ತಾಗುತ್ತದೆ. ಆ ಕಷ್ಟವನ್ನು ನೆನೆದರೆ ಪಾಪ ಎನಿಸುತ್ತದೆ, ಅದು ಬೇರೆಯವಳಿಗಾಗಿ ಎಂದು ನೆನೆದರೆ ಮತ್ತೆ ಉರಿಯುತ್ತದೆ. ಅಮ್ಮಿ ಮಧ್ಯಾಹ್ನ ಮಲಗಿದಾಗ ಟ್ರಂಕಿನಿಂದ ಆ ರವಿಕೆ ತೆಗೆದು ಹಾಕಿ ನೋಡಿದೆ. ನೀವು ಆಮೇಲೆ ಬಿಚ್ಚಿ ಒಂದಿಂಚು ಬಿಟ್ಟು ಹೊಲಿದುಕೊಟ್ಟಿದ್ದಿರಲ್ಲ, ಅದೇ. ತೋಳು ಈಗ ಬಿಗಿಯಾಗಿಲ್ಲ, ಜೋತುಬಿದ್ದಿದೆ. ಇಲ್ಲಿ ನಿಮಗೆ ಹಳೆಯ ಗಿರಾಕಿಯೊಬ್ಬಳಿದ್ದಾಳೆ, ಅವಳ ಅಳತೆ ಬದಲಾಗಿದೆ, ನಿಮಗೆ ಗೊತ್ತಿಲ್ಲ ಅಷ್ಟೇ.

ಬೇಜಾರು ಮಾಡಿಕೊಳ್ಳಬೇಡಿ. ಬೆನ್ನಿಗೆ ಬಿಸಿನೀರಿನ ಶಾಖ ಕೊಡಿ, ಕಿಟಕಿಯ ಹತ್ತಿರ ಕೂತರೆ ಗಾಳಿ ಬಡಿಯುತ್ತದೆ, ಸ್ವೆಟರ್ ಹಾಕಿಕೊಳ್ಳಿ. ಕಿಟಕಿ ಮುಚ್ಚಿಯೇ ಇಟ್ಟರೂ ನನ್ನ ಅಭ್ಯಂತರವಿಲ್ಲ. ಅಮ್ಮಿಯ ದುವಾ ಸದಾ ನಿಮ್ಮ ಮೇಲಿದೆ. ಶಮೀಮ್ ತನ್ನ ಬಿದ್ದ ಹಲ್ಲನ್ನು ಕಾಗದದಲ್ಲಿ ಸುತ್ತಿ ಇದರೊಳಗೆ ಇಟ್ಟಿದ್ದಾಳೆ, ಕಸ ಎಂದು ಎಸೆಯಬೇಡಿ. ಅಲ್ಲಾ ನಿಮ್ಮನ್ನು ಕಾಪಾಡಲಿ, ಕಾಪಾಡಿ ಇತ್ತ ಕಡೆ ಮುಖ ಮಾಡಿಸಲಿ.

ಇಂತಿ
ಹುಷಾರಾಗಿ ಇರುವ ನಿಮ್ಮ
ಮೆಹರ್

ತಾ.ಕ.: ಪಾಷಾ ಭಾಯ್ ಸಾಮಾನು ಒಯ್ಯಲು ಬಂದು ಜಗಲಿಯಲ್ಲಿ ಕೂತಿದ್ದಾರೆ, ಬೇಗ ಬೇಗ ಬರೆಯುತ್ತೇನೆ. ಅವರ ಕೈಯಲ್ಲಿ ನಮ್ಮ ಕ್ಯಾಸೆಟ್ಟೂ ಬರುತ್ತಿದೆ. ಮೊದಲ ಬದಿಯಲ್ಲಿ ನಾನು ಎಲ್ಲರೆದುರು "ಅಮ್ಮಿ ಹೇಳಿದ ಹಾಗೆ ಸೈನ್ ಹಾಕಿ" ಎಂದಿದ್ದೇನೆ, ಅದನ್ನು ನಂಬಬೇಡಿ. ಎರಡನೇ ಬದಿ ಹಾಕಿ. ಅಲ್ಲಿ ನಾನೂ ಅರಬ್ಬಿ ಮಾತಾಡಿದ್ದೇನೆ. ಸೈನ್ ಹಾಕಬೇಡಿ, ಮನೆಗೆ ಬನ್ನಿ ಎನ್ನುವುದನ್ನು ಆ ಭಾಷೆಯಲ್ಲಿ ಹೇಗೆ ಹೇಳುವುದು ಎಂದು ನಿನ್ನೆ ಪಾಷಾ ಭಾಯ್ ಹೊರಡುವಾಗ ಬಾಗಿಲ ಸಂದಿಯಿಂದ ಕೇಳಿದೆ. ಅವರು ಗಡ್ಡ ನೀವಿಕೊಂಡು, "ಅಮ್ಮ ಕೇಳುಸ್ಕೊಂಡ್ರೆ ಆಮೀನ್ ಅಂದೇ ಅಂತಾರೆ, ಅವ್ರ ಆಮೀನ್ ಸುಳ್ಳಾಗ್ಬಾರ್ದು ತಂಗಿ" ಎಂದು ಅದನ್ನು ನಿಜವಾದ ದುವಾ ಮಾಡಿಯೇ ಹೇಳಿಕೊಟ್ಟರು. ಯಾ ಅಲ್ಲಾ, ಈ ಮನೆಯ ಮಗನನ್ನು ಈ ವರ್ಷವೇ ಮನೆಗೆ ಕಳಿಸು, ಇಷ್ಟೇ. ಇವತ್ತು ಬೆಳಿಗ್ಗೆ ಟೇಪಿನ ಮುಂದೆ ಕೂತು ತಡೆದು ತಡೆದು ಹೇಳಿದೆ. ಅಮ್ಮಿ ಸೆರಗು ಹೊದ್ದು, ಕೈ ಎತ್ತಿ, ಜೋರಾಗಿ ಆಮೀನ್ ಎಂದರು. ಅದೂ ಟೇಪಿನಲ್ಲಿದೆ. ಹೆಂಡತಿಯ ಮಾತನ್ನು ನೀವು ಮೀರಬಹುದು, ತಾಯಿ ಕೈ ಎತ್ತಿ ಬೇಡಿದ್ದನ್ನು ಹೇಗೆ ಮೀರುತ್ತೀರೋ ನೋಡುತ್ತೇನೆ.